ಮೀಟರಿನಲ್ಲಿ 12.6 ವೋಲ್ಟ್, ಕಮೋಡಿನಲ್ಲಿ ನೀರಿಲ್ಲ

ಪ್ರಶ್ನೆ: ಮಾನ್ಯರೇ, ನಾವು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನೆಲೆಸಿರುವ ಕನ್ನಡಿಗರು. ಕಾರಿನ ಹಿಂದೆ ಎಳೆದೊಯ್ಯುವ, 14 ವರ್ಷ ಹಳೆಯ ಕ್ಯಾರವಾನ್ ಒಂದನ್ನು ಹೋದ ವರ್ಷ ಕೊಂಡೆವು. ಅದರಲ್ಲಿರುವುದು ಕ್ಯಾಸೆಟ್ ಶೌಚಾಲಯ, ಅಂದರೆ ಮಲಿನವೆಲ್ಲ ಕಮೋಡಿನ ಕೆಳಗಿರುವ, ಹೊರಗೆಳೆದು ಖಾಲಿ ಮಾಡುವ ಪೆಟ್ಟಿಗೆಯೊಂದಕ್ಕೆ (ಕ್ಯಾಸೆಟ್) ಬೀಳುವ ಬಗೆಯದು. ಫ್ಲಶ್ ನೀರಿಗೆ ಪ್ರತ್ಯೇಕವಾದ ಪುಟ್ಟ ತೊಟ್ಟಿಯೂ ಅದರೊಳಗೆ ಮುಳುಗಿರುವ 12 ವೋಲ್ಟ್ ಪಂಪೂ ಇವೆ. ಚಳಿಗಾಲವಿಡೀ ನಿಲ್ಲಿಸಿದ್ದ ವಾಹನವನ್ನು ಏಪ್ರಿಲ್‌ನಲ್ಲಿ ಹೊರತೆಗೆದಾಗ, ಫ್ಲಶ್ ಗುಂಡಿ ಒತ್ತಿದರೆ ಹಸಿರು ದೀಪ ಹೊತ್ತಿಕೊಳ್ಳುತ್ತಿತ್ತು, ಸಣ್ಣಗೆ ಗುಂಯ್ ಎಂಬ ಸದ್ದು ಬರುತ್ತಿತ್ತು, ನೀರು ಮಾತ್ರ ಬರುತ್ತಿರಲಿಲ್ಲ. ಫ್ಯೂಸ್ ಸುಟ್ಟಿರಲಿಲ್ಲ. ಪಂಪಿನ ತಂತಿಗಳನ್ನು ಬಿಡಿಸಿ ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್ ತೋರಿಸಿತು. ಪಂಪೇ ಕೆಟ್ಟಿದೆ ಎಂದು ರಿಪೇರಿಯವರು ಹೇಳಿದ್ದರಿಂದ ಹೊಸದನ್ನು ಹಾಕಿಸಿದೆವು. ಅದು ಎರಡು ದಿನ ಚೆನ್ನಾಗಿ ನಡೆದು ಮತ್ತೆ ಮೊದಲಿನಂತೆಯೇ ಆಯಿತು. ತಂಗುದಾಣದ ವಿದ್ಯುತ್ ಸಂಪರ್ಕ ಕೊಟ್ಟಾಗ ಕೆಲವೊಮ್ಮೆ ಸ್ವಲ್ಪ ನೀರು ಬರುತ್ತದೆ. ಈಗ ಇಡೀ ಶೌಚಾಲಯವನ್ನೇ ಬದಲಿಸಬೇಕೆನ್ನುತ್ತಿದ್ದಾರೆ. ಮುಂದಿನ ತಿಂಗಳು ಹಾಸನದಿಂದ ನನ್ನ ತಾಯಿ ಬರುತ್ತಿದ್ದಾರೆ. ಅವರಿಗೆ 74 ವರ್ಷ, ಮಂಡಿನೋವಿದೆ. ಅವರನ್ನು ಕರೆದುಕೊಂಡು ಒಂದು ವಾರ ವೇಲ್ಸ್ ಕಡೆಗೆ ಹೋಗುವ ಆಸೆಯಿದೆ. ದಯವಿಟ್ಟು ದಾರಿ ತೋರಿಸಿ.

ಉತ್ತರ: ಶೌಚಾಲಯವನ್ನು ಬದಲಿಸಬೇಡಿ. ನೀವು ಕೊಟ್ಟ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ದೋಷವಿರುವುದು ಪಂಪಿನಲ್ಲಲ್ಲ, ಬ್ಯಾಟರಿಯಿಂದ ಪಂಪಿನವರೆಗಿನ ದಾರಿಯಲ್ಲಿ ಎಲ್ಲೋ ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮೊದಲು ಆ 12.6 ವೋಲ್ಟಿನ ವಿಚಾರ. ನೀವು ಅಳೆದಾಗ ತಂತಿಗಳು ಪಂಪಿನಿಂದ ಬಿಡಿಸಿಕೊಂಡಿದ್ದವು. ಡಿಜಿಟಲ್ ಮಲ್ಟಿಮೀಟರಿನ ಒಳಗಿನ ಪ್ರತಿರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್‌ಗಳಷ್ಟಿರುತ್ತದೆ. ಆದ್ದರಿಂದ ಅದು ತಂತಿಯಿಂದ ಎಳೆದುಕೊಳ್ಳುವ ವಿದ್ಯುತ್ ಇಲ್ಲವೆನ್ನುವಷ್ಟು ಕಡಿಮೆ. ನಲ್ಲಿಯನ್ನು ಮುಚ್ಚಿಟ್ಟಿದ್ದರೆ, ಪೈಪಿನೊಳಗೆ ಎಷ್ಟೇ ಕಸ ಕಟ್ಟಿಕೊಂಡಿದ್ದರೂ ನೀರಿನ ಒತ್ತಡ ಪೂರ್ತಿಯಾಗಿಯೇ ಕಾಣಿಸುತ್ತದೆ. ತೆರೆದಾಗಲೇ ಧಾರೆ ಸಣ್ಣಗಾಗಿ ಅಡಚಣೆ ಗೊತ್ತಾಗುತ್ತದೆ. ನಿಮ್ಮ ತಂತಿಯಲ್ಲೂ ಆಗಿರುವುದು ಇದೇ. ಪಂಪು 2 ಆಂಪಿಯರ್ ಎಳೆಯುತ್ತದೆ ಎಂದೂ ಹಳೆಯ ಜೋಡಣೆಯೊಂದರಲ್ಲಿ 3 ಓಮ್ ಪ್ರತಿರೋಧ ಬೆಳೆದಿದೆ ಎಂದೂ ಇಟ್ಟುಕೊಳ್ಳಿ: ಪಂಪು ತಿರುಗಲು ಹೊರಟ ಕ್ಷಣದಲ್ಲಿ 6 ವೋಲ್ಟ್ ಆ ಜೋಡಣೆಯಲ್ಲಿಯೇ ಕಳೆದುಹೋಗಿ, ಪಂಪಿಗೆ ಉಳಿಯುವುದು ಆರೂವರೆ ವೋಲ್ಟ್ ಮಾತ್ರ. ಹಸಿರು ದೀಪಕ್ಕೆ ಬೇಕಾದದ್ದು ಆಂಪಿಯರಿನ ಸಾವಿರದ ಕೆಲವು ಭಾಗಗಳಷ್ಟೇ ಆದ್ದರಿಂದ ಅದು ಎಂದಿನಂತೆ ಬೆಳಗುತ್ತದೆ, ಮೋಟರು ಮಾತ್ರ ಗುಂಯ್ಗುಟ್ಟುತ್ತಾ ನಿಲ್ಲುತ್ತದೆ. ವೋಲ್ಟೇಜ್ ಸಾಲದಾದಾಗ ಊರಿನ ಪಂಪ್‌ಸೆಟ್ಟು ಮಾಡುವ ಸದ್ದನ್ನು ನಿಮ್ಮ ತಾಯಿಯವರು ಬಲ್ಲರು. ಅಲ್ಲಿಯ ಮೋಟರು ಬೇರೆ ಬಗೆಯದಾದರೂ ಸಂಕಟ ಇದೇ.

ನಿಮ್ಮ ಉಳಿದೆರಡು ಸುಳಿವುಗಳೂ ಇದನ್ನೇ ಹೇಳುತ್ತಿವೆ. ತಂಗುದಾಣದ ವಿದ್ಯುತ್ ಸಂಪರ್ಕ ಕೊಟ್ಟಾಗ ಕ್ಯಾರವಾನಿನ ಚಾರ್ಜರ್ ಕೆಲಸ ಆರಂಭಿಸಿ 12 ವೋಲ್ಟ್ ಜಾಲದ ಒತ್ತಡವನ್ನು 13.8 ವೋಲ್ಟ್ ಆಸುಪಾಸಿಗೆ ಏರಿಸುತ್ತದೆ. ದಾರಿಯಲ್ಲಿ ಸೋರಿಹೋದ ಮೇಲೂ ಪಂಪಿಗೆ ಒಂದಿಷ್ಟು ಹೆಚ್ಚು ಸಿಗುವುದರಿಂದ ಸ್ವಲ್ಪ ನೀರು ಬರುತ್ತದೆ. ಹೊಸ ಪಂಪನ್ನು ಕೂರಿಸುವಾಗ ತಂತಿಗಳನ್ನು ಎಳೆದಾಡಿದ್ದರಿಂದ ಕಿಲುಬಿನ ಪದರ ಕೆರೆದುಹೋಗಿ ತಾತ್ಕಾಲಿಕವಾಗಿ ಸಂಪರ್ಕ ಸುಧಾರಿಸಿರಬೇಕು. ಎರಡು ದಿನ ಅದು ಚೆನ್ನಾಗಿ ನಡೆದದ್ದಕ್ಕೆ ಇದಕ್ಕಿಂತ ಸರಳವಾದ ಕಾರಣ ನನಗೆ ಕಾಣುವುದಿಲ್ಲ. ಹಳೆಯ ಪಂಪನ್ನು ಎಸೆದಿಲ್ಲ ತಾನೇ? ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ, ಸೂಕ್ತ ಫ್ಯೂಸ್ ಇರುವ ತಂತಿಯ ಮೂಲಕ ಬ್ಯಾಟರಿಗೆ ನೇರವಾಗಿ ಕೆಲವೇ ಕ್ಷಣ ಕೊಟ್ಟು ನೋಡಿ. ನೀರನ್ನು ಜೋರಾಗಿ ಚಿಮ್ಮಿಸಿದರೆ ಅದು ಆರೋಗ್ಯವಾಗಿದೆ, ಮುಂದಕ್ಕೆ ಇಟ್ಟುಕೊಳ್ಳಿ. ನೀರಿಲ್ಲದೆ ಓಡಿಸಬಾರದು, ಧನ ಮತ್ತು ಋಣ ತಂತಿಗಳನ್ನು ಅದಲುಬದಲು ಮಾಡಬಾರದು. ಅದಲುಬದಲಾದರೆ ಚಕ್ರ ಹಿಮ್ಮುಖವಾಗಿ ತಿರುಗಿ ನೀರು ಬರೀ ಜಿನುಗುತ್ತದೆ, ಒಳ್ಳೆಯ ಪಂಪೂ ಕೆಟ್ಟದ್ದೆಂಬ ಭ್ರಮೆ ಹುಟ್ಟುತ್ತದೆ.

ಬ್ಯಾಟರಿಯ ಮೇಲೂ ಅನುಮಾನ ಬರಬಹುದು. ಅದೇ ಬ್ಯಾಟರಿಯಿಂದ ಅಡುಗೆಕಟ್ಟೆಯ ನಲ್ಲಿಗೆ ನೀರೆತ್ತುವ ಪಂಪು ಚೆನ್ನಾಗಿ ನಡೆಯುತ್ತಿದೆಯೇ, ದೀಪಗಳು ಮಂಕಾಗದೆ ಉರಿಯುತ್ತಿವೆಯೇ ಎಂದು ನೋಡಿದರೆ ಸಾಕು. ಅವು ಸರಿಯಾಗಿದ್ದರೆ ಬ್ಯಾಟರಿ ನಿರ್ದೋಷಿ.

ಈಗ ದೋಷದ ಜಾಗವನ್ನು ಪತ್ತೆಹಚ್ಚುವ ಕೆಲಸ. ಆರಂಭಿಸುವ ಮೊದಲು 230 ವೋಲ್ಟ್ ಸಂಪರ್ಕವನ್ನು ಹೊರಗಿನಿಂದಲೇ ಕಿತ್ತುಬಿಡಿ, ಕ್ಯಾಸೆಟ್ಟನ್ನು ಖಾಲಿ ಮಾಡಿ ತೊಳೆದು ಹೊರಗಿಡಿ, ಕೈಗವಸು ಹಾಕಿಕೊಳ್ಳಿ. ಕಾರಿನ ಬ್ರೇಕ್ ದೀಪಕ್ಕೆ ಬಳಸುವ 12 ವೋಲ್ಟ್, 21 ವ್ಯಾಟಿನ ಹಳೆಯ ಬಗೆಯ ಬಲ್ಬೊಂದನ್ನು ತನ್ನಿ. ಅದು ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುವುದರಿಂದ ಪಂಪಿನ ಜಾಗದಲ್ಲಿ ಭಾರವಾಗಿ ನಿಲ್ಲಬಲ್ಲದು. ನೀರು ಚೆಲ್ಲುವುದಿಲ್ಲ, ಕಣ್ಣಿಗೂ ಕಾಣುತ್ತದೆ. ಪಂಪಿನ ತಂತಿಗಳಿಗೆ ಬಲ್ಬನ್ನು ಸಿಕ್ಕಿಸಿ, ಮನೆಯವರೊಬ್ಬರು ಫ್ಲಶ್ ಗುಂಡಿಯನ್ನು ಒತ್ತಿ ಹಿಡಿದಿರುವಾಗ ಬಲ್ಬಿನ ಎರಡು ತುದಿಗಳ ನಡುವೆ ಅಳೆಯಿರಿ. ನೇರ ವಿದ್ಯುತ್ತಿನ 20 ವೋಲ್ಟ್ ಅಳತೆಯಲ್ಲಿ ಮೀಟರ್ ಇರಲಿ. ಬ್ಯಾಟರಿಯಲ್ಲಿರುವುದಕ್ಕಿಂತ ಅರ್ಧ ವೋಲ್ಟಿನಷ್ಟು ಕಡಿಮೆಯಾದರೆ ಚಿಂತೆಯಿಲ್ಲ. ಏಳೋ ಎಂಟೋ ವೋಲ್ಟ್ ಕಂಡು ಬಲ್ಬು ಕೆಂಪಗೆ ಮಿಣುಕಿದರೆ ನನ್ನ ಊಹೆ ಸರಿಯಾಯಿತು.

ಬಳಿಕ ಒಂದು ಉದ್ದನೆಯ ತಂತಿಯ ನೆರವಿನಿಂದ ಮೀಟರಿನ ಒಂದು ಮುಳ್ಳನ್ನು (ತಾಗಿಸಿ ಅಳೆಯುವ ತುದಿಯನ್ನು) ಬ್ಯಾಟರಿಯ ಧನಾಗ್ರಕ್ಕೆ ಕಟ್ಟಿ, ಇನ್ನೊಂದನ್ನು ಬಲ್ಬಿನ ಧನ ತಂತಿಗೆ ತಾಗಿಸಿ, ಗುಂಡಿ ಒತ್ತಿಸಿ. ಈಗ ಮೀಟರ್ ತೋರಿಸುವುದು ಆ ದಾರಿಯಲ್ಲಿ ಕಳೆದುಹೋದ ವೋಲ್ಟೇಜನ್ನೇ. ಅಲ್ಲಿ ಐದಾರು ವೋಲ್ಟ್ ಕಂಡರೆ ಎರಡನೆಯ ಮುಳ್ಳನ್ನು ಬ್ಯಾಟರಿಯ ಕಡೆಗೆ ಒಂದೊಂದೇ ಹೆಜ್ಜೆ ಸರಿಸುತ್ತಾ ಬನ್ನಿ: ಗುಂಡಿಯ ಈಚೆ, ಗುಂಡಿಯ ಆಚೆ, ಫ್ಯೂಸ್ ಹೋಲ್ಡರಿನ ಎರಡು ಬದಿ. ಯಾವ ಎರಡು ಜಾಗಗಳ ನಡುವೆ ಅಂಕಿ ಧುತ್ತನೆ ಇಳಿಯುತ್ತದೆಯೋ ದೋಷ ಅಲ್ಲಿದೆ. ಧನ ತಂತಿಯ ದಾರಿ ಸ್ವಚ್ಛವಾಗಿದ್ದರೆ ಋಣ ತಂತಿಗೂ ಇದೇ ರೀತಿ ಮಾಡಿ. ಜನ ಸಾಮಾನ್ಯವಾಗಿ ಮರೆಯುವುದು ಈ ಎರಡನೆಯ ಭಾಗವನ್ನೇ, ಅದಕ್ಕಾಗಿ ಒತ್ತಿ ಹೇಳುತ್ತಿದ್ದೇನೆ.

ನಾನಾದರೆ ಮೊದಲು ಕ್ಯಾಸೆಟ್ ಕೂರುವ ಗೂಡಿನೊಳಗೆ ಟಾರ್ಚ್ ಬಿಡುತ್ತಿದ್ದೆ. ಹೊರಗೋಡೆಯ ಬಾಗಿಲಿನ ಹಿಂದಿನ ಆ ಗೂಡಿನಲ್ಲಿ ಚಳಿಗಾಲದುದ್ದಕ್ಕೂ ತೇವ ನಿಂತಿರುತ್ತದೆ, ಎಷ್ಟೋ ಮಾದರಿಗಳಲ್ಲಿ ಫ್ಲಶ್ಶಿನ ಫ್ಯೂಸೂ ತಂತಿಗಳ ಜೋಡಣೆಗಳೂ ಅಲ್ಲಿಯೇ ಇರುತ್ತವೆ. ಫ್ಯೂಸ್ ಸುಟ್ಟಿಲ್ಲವೆಂದರೆ ಅದರ ಕಾಲುಗಳೂ ಹೋಲ್ಡರೂ ಸರಿಯಾಗಿವೆ ಎಂದು ಅರ್ಥವಲ್ಲ. ಅಲ್ಲಿ ಹಸಿರು ಅಥವಾ ಬಿಳಿ ಪುಡಿ ಕಂಡರೆ ಹೋಲ್ಡರನ್ನೇ ಬದಲಿಸಿ. ತಂತಿಯ ಜೋಡಣೆಯಾದರೆ, ಬ್ಯಾಟರಿಯ ಸಂಪರ್ಕ ತಪ್ಪಿಸಿದ ಮೇಲೆ, ಕಪ್ಪಾದ ತಾಮ್ರವೆಲ್ಲ ಹೋಗಿ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಬಿಸಿ ಮಾಡಿದರೆ ಕುಗ್ಗಿ ಅಂಟಿನಿಂದ ಮುಚ್ಚಿಕೊಳ್ಳುವ ಬಗೆಯ ಕನೆಕ್ಟರಿನಿಂದ ಒತ್ತಿ ಕೂಡಿಸಿ. ಬರೀ ಇನ್ಸುಲೇಷನ್ ಟೇಪು ಸುತ್ತಿದರೆ ಅದು ತೇವವನ್ನು ಒಳಗೆ ಹಿಡಿದಿಟ್ಟು ಮುಂದಿನ ಏಪ್ರಿಲ್‌ಗೆ ಇದೇ ತೊಂದರೆಯನ್ನು ತರುತ್ತದೆ. ದೋಷ ಗುಂಡಿಯಲ್ಲೇ ಇದ್ದರೆ ಆ ಸ್ವಿಚ್ಚನ್ನಷ್ಟೇ ಬದಲಿಸಬೇಕು. ಏನೇ ಆದರೂ ಫ್ಯೂಸಿನ ಮೇಲೆ ಬರೆದಿರುವುದಕ್ಕಿಂತ ಹೆಚ್ಚು ಆಂಪಿಯರಿನದನ್ನು ಹಾಕಬೇಡಿ. ಅಡುಗೆ ಅನಿಲದ ಸಿಲಿಂಡರೂ ಮಲಗುವ ಹಾಸಿಗೆಯೂ ಅಡಿಗಳ ಅಂತರದಲ್ಲಿರುವ ಮನೆ ಅದು.

ಒಂದು ವೇಳೆ ಬಲ್ಬು ಪ್ರಖರವಾಗಿ ಉರಿದರೆ ನನ್ನ ಊಹೆ ತಪ್ಪೆಂದು ಒಪ್ಪಿಕೊಂಡು ನೀರಿನ ದಾರಿಯತ್ತ ತಿರುಗಬೇಕಾಗುತ್ತದೆ. ಪಂಪಿನ ಬಾಯಿಗೆ ಕೂದಲು, ಕಸ ಸಿಕ್ಕಿದೆಯೇ, ರಬ್ಬರ್ ಕೊಳವೆ ಮಡಿಚಿಕೊಂಡಿದೆಯೇ, ಹಿಮಗಟ್ಟಿ ಎಲ್ಲಾದರೂ ಸೀಳಿದೆಯೇ ಎಂದು ನೋಡಿ. ನಿಮ್ಮ ಸೀಮೆಯಲ್ಲಿ, ಅದರಲ್ಲೂ ಸುಣ್ಣಕಲ್ಲಿನ ನೆಲವಿರುವ ಆಗ್ನೇಯ ಇಂಗ್ಲೆಂಡಿನಲ್ಲಿ ತುಂಬಿಸಿಕೊಂಡ ನೀರಾದರೆ, ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳ ನೀರಿನಂತೆ ಗಡಸಾಗಿರುತ್ತದೆ. ಅದರ ಬಿಳಿ ಪದರ ಪಂಪಿನ ಚಕ್ರವನ್ನು ಕಚ್ಚಿ ಹಿಡಿಯುವುದುಂಟು.

ತಾಯಿಯವರ ವಿಷಯವಾಗಿ ಎರಡು ಮಾತು. ಫ್ಲಶ್ ಎನ್ನುವುದು ಇಲ್ಲಿ ನೀರು ಹಾಯಿಸುವ ಕೆಲಸವಷ್ಟೇ. ಕಮೋಡಿನ ತಳದ ತಟ್ಟೆಯನ್ನು ಸಾಮಾನ್ಯವಾಗಿ ಕೈಹಿಡಿಯಿಂದಲೇ ತೆರೆಯುವುದರಿಂದ, ರಿಪೇರಿ ಮುಗಿಯದಿದ್ದರೂ ಪಕ್ಕದಲ್ಲಿ ಅವರ ಕೈಗೆಟಕುವ ಎತ್ತರದಲ್ಲಿ ಒಂದು ಚೊಂಬು ನೀರು ಇಟ್ಟರೆ ಪ್ರವಾಸ ನಿಲ್ಲಬೇಕಾಗಿಲ್ಲ. ಆದರೆ ಕ್ಯಾಸೆಟ್ ಹಿಡಿಯುವುದು ಹೆಚ್ಚುಕಡಿಮೆ 17ರಿಂದ 20 ಲೀಟರ್ ಮಾತ್ರ. ನಮ್ಮ ಹಿರಿಯರು ಕಾಗದಕ್ಕಿಂತ ನೀರನ್ನೇ ಬಳಸುವುದರಿಂದ ಅದು ಬೇಗನೆ ತುಂಬುತ್ತದೆ. ನೀವು ಇಬ್ಬರೇ ಇದ್ದಾಗಿನ ಲೆಕ್ಕ ಹಿಡಿಯದೆ ದಿನಕ್ಕೊಮ್ಮೆಯಾದರೂ ತಂಗುದಾಣದ ವಿಸರ್ಜನಾ ಸ್ಥಳದಲ್ಲಿ ಖಾಲಿ ಮಾಡಿ. ನೀರು ಕಡಿಮೆ ಬಳಸಿ ಎಂದು ಅವರಿಗೆ ಹೇಳುವ ಸಂದರ್ಭ ಬಾರದಿರಲಿ.

ಪ್ರಶ್ನೆ: ಮಿಲ್ಟನ್ ಕೀನ್ಸ್‌ನಲ್ಲಿರುವ ನಮ್ಮ ಕ್ಯಾರವಾನಿನ ಫ್ಲಶ್ ತಂಗುದಾಣದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಹೆದ್ದಾರಿಯ ವಿಶ್ರಾಂತಿ ಸ್ಥಳದಲ್ಲಿ ನಿಲ್ಲಿಸಿ ಮಕ್ಕಳು ಬಳಸಲು ಹೋದರೆ ದೀಪವೂ ಇಲ್ಲ, ನೀರೂ ಇಲ್ಲ. ಕಾರಿನಲ್ಲಿ ಅಜ್ಜಿ ಕುಳಿತಿರುವುದರಿಂದ ಹೀಟರಿಗಾಗಿ ಎಂಜಿನ್ ಚಾಲೂ ಇಟ್ಟಿರುತ್ತೇವೆ.

ಉತ್ತರ: ಕಾರಣ ನಿಮ್ಮ ಕೊನೆಯ ವಾಕ್ಯದಲ್ಲಿಯೇ ಇದೆ. ಕಾರಿಗೂ ಕ್ಯಾರವಾನಿಗೂ ನಡುವಿನ 13 ಪಿನ್ನಿನ ಪ್ಲಗ್ ಕೂಡಿದ್ದು ಎಂಜಿನ್ ಓಡುತ್ತಿರುವಾಗ, ಕ್ಯಾರವಾನಿನೊಳಗಿನ ಒಂದು ರಿಲೇ (ವಿದ್ಯುತ್ತಿನಿಂದ ತಾನೇ ನಡೆಯುವ ಸ್ವಿಚ್) ವಾಸದ ಭಾಗದ 12 ವೋಲ್ಟ್ ಸಲಕರಣೆಗಳನ್ನೆಲ್ಲ ಕಡಿದುಹಾಕುತ್ತದೆ; ಫ್ರಿಜ್ಜಿಗೂ ಬ್ಯಾಟರಿಯ ಚಾರ್ಜಿಗೂ ಮಾತ್ರ ಕಾರಿನಿಂದ ವಿದ್ಯುತ್ ಹೋಗುತ್ತದೆ. ಒಳಗಿನ ಸಲಕರಣೆಗಳು ಕಾರಿನ ಎಲೆಕ್ಟ್ರಾನಿಕ್ ವ್ಯವಸ್ಥೆಗಳಿಗೆ ಅಡ್ಡಿಪಡಿಸಬಾರದೆಂದು ಮಾಡಿರುವ ಏರ್ಪಾಡು ಇದು, ದೋಷವಲ್ಲ. ಎಂಜಿನ್ ನಿಲ್ಲಿಸಿ ಫ್ಲಶ್ ಒತ್ತಿ ನೋಡಿ. ನಿಲ್ಲಿಸಿದ ಮೇಲೂ ಜೀವ ಬಾರದೆ, 13 ಪಿನ್ನಿನ ಪ್ಲಗ್ಗನ್ನು ಕಿತ್ತಾಗ ಮಾತ್ರ ಬಂದರೆ, ಎಂಜಿನ್ ಓಡುತ್ತಿದೆ ಎಂಬ ಸೂಚನೆ ಕಾರಿನಿಂದ ತಪ್ಪಾಗಿ ಹೋಗುತ್ತಿದೆ. ಆಗ ಕಾರಿನ ಎಳೆಕೊಂಡಿಯ ವಯರಿಂಗನ್ನು ತೋರಿಸಬೇಕು.

ಪ್ರಶ್ನೆ: ಕ್ಯಾಸೆಟ್ ಖಾಲಿ ಮಾಡಿ ತಂದು ಕೂರಿಸಿದರೂ, ತುಂಬಿದೆ ಎನ್ನುವ ಕೆಂಪು ದೀಪ ಆರುವುದಿಲ್ಲ. ಏನು ಮಾಡಲಿ?

ಉತ್ತರ: ಕ್ಯಾಸೆಟ್ಟಿನೊಳಗೆ ಆಯಸ್ಕಾಂತವಿರುವ ಒಂದು ತೇಲುಬುರುಡೆ ಇರುತ್ತದೆ, ಅದು ಮೇಲೇರಿದಾಗ ಗೂಡಿನ ಕಡೆಯಿರುವ ಪುಟ್ಟ ಸ್ವಿಚ್ ಮುಚ್ಚಿಕೊಂಡು ದೀಪ ಹೊತ್ತುತ್ತದೆ. ಕ್ಯಾಸೆಟ್ಟನ್ನು ಪೂರ್ತಿಯಾಗಿ ಹೊರಗೆಳೆದು ದೀಪವನ್ನು ನೋಡಿ. ಆರಿದರೆ ಬುರುಡೆ ಕಾಗದಕ್ಕೋ ಗಟ್ಟಿಯಾದ ಕೊಳೆಗೋ ಅಂಟಿಕೊಂಡಿದೆ: ನಾಲ್ಕೈದು ಲೀಟರ್ ಉಗುರುಬೆಚ್ಚಗಿನ ನೀರು ಹಾಕಿ, ಮುಚ್ಚಳ ಭದ್ರಪಡಿಸಿ, ಚೆನ್ನಾಗಿ ಅಲುಗಾಡಿಸಿ ಒಂದು ರಾತ್ರಿ ಬಿಟ್ಟು ತೊಳೆಯಿರಿ. ಬ್ಲೀಚು ಹಾಕಬೇಡಿ, ರಬ್ಬರ್ ಸೀಲು ಹಾಳಾಗುತ್ತದೆ. ಹೊರಗೆಳೆದ ಮೇಲೂ ದೀಪ ಉರಿಯುತ್ತಲೇ ಇದ್ದರೆ ಕ್ಯಾಸೆಟ್ಟಿನ ತಪ್ಪಿಲ್ಲ. ಗೂಡಿನಲ್ಲಿರುವ ಸ್ವಿಚ್ ಅಥವಾ ಅದರ ತಂತಿ ಕೆಟ್ಟಿದೆ, ಅದನ್ನು ಬದಲಿಸಿ.