ಬಾತ್‌ರೂಮಿನ ನೀರು ಕೆಳಗಿನ ಮನೆಗೆ ಸೋರುತ್ತಿದೆ, ರಿಪೇರಿ ಆಗುವ ತನಕ ಏನು ಮಾಡಲಿ?

ಬಾಡಿಗೆ ಮನೆ, ಎರಡನೇ ಮಹಡಿ. ಶವರ್ ಹಾಕಿದರೆ ಕೆಳಗಿನವರ ಬಾತ್‌ರೂಮಿನ ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ಟೈಲ್ಸ್ ಕಿತ್ತು ಹಾಕಿಸುವುದು ಮುಂದಿನ ತಿಂಗಳು ಅಂತ ಓನರ್ ಹೇಳಿದ್ದಾರೆ. ಅಲ್ಲಿಯ ತನಕ ಹೇಗೆ ಎಂದು ಕೇಳಿದ್ದೀರಿ. ನಾನು ಮೊದಲಿದ್ದ ಹಳೇ ಅಪಾರ್ಟ್‌ಮೆಂಟಿನಲ್ಲೂ ಇದೇ ಗೋಳಿತ್ತು.

ಮೊದಲು ಶವರ್ ಬಿಟ್ಟುಬಿಡಿ, ಬಕೆಟ್ ಮತ್ತು ಚೊಂಬಿಗೆ ವಾಪಸ್ ಹೋಗಿ. ಖರ್ಚಿಲ್ಲದ ರಿಪೇರಿ ಇದೇ. ಶವರ್ ನೀರು ಗೋಡೆಗೆಲ್ಲ ಹಾರುತ್ತದೆ. ನೆಲದ ನೀರು ಹೊರಹೋಗುವ ಜಾಲಿಯ ಪಕ್ಕ ಕೂತು ಸ್ನಾನ ಮಾಡಿದರೆ ನೆನೆಯುವ ಜಾಗ ತುಂಬ ಕಮ್ಮಿ. ಆಮೇಲೆ ವೈಪರ್‌ನಲ್ಲಿ ನೀರೆಳೆದುಬಿಡಿ. ಕೆಳಗಿನ ಮನೆಯಲ್ಲಿ ಲೈಟ್ ಅಥವಾ ಗೀಸರ್ ವೈರಿನ ಹತ್ತಿರ ಒದ್ದೆ ಕಂಡರೆ ಆ ಲೈನಿನ ಎಂಸಿಬಿ (ಮೇನ್ ಬೋರ್ಡಿನಲ್ಲಿರುವ ಸ್ವಿಚ್) ಆಫ್ ಮಾಡಿಡಲು ಈಗಲೇ ಹೇಳಿ.

ಇನ್ನು ನೀರು ಎಲ್ಲಿಂದ ಇಳಿಯುತ್ತಿದೆ ಅನ್ನುವುದು. ಇದು ಗೊತ್ತಾಗದೆ ಏನು ಮೆತ್ತಿದರೂ ದುಡ್ಡು ದಂಡ. ಮೂರು ಕಡೆ ಅನುಮಾನ ಪಡಬೇಕು: ಗೋಡೆಯೊಳಗಿನ ಪೈಪು, ಜಾಲಿ, ಟೈಲ್ಸ್ ಸಂದು. ಶವರ್ ಬಾಯಿಗೆ ದೊಡ್ಡ ಪ್ಲಾಸ್ಟಿಕ್ ಕವರ್ ಕಟ್ಟಿ, ತುದಿ ಕತ್ತರಿಸಿ ಬಕೆಟ್ಟಿಗೆ ಇಳಿಬಿಟ್ಟು ನೀರು ಬಿಡಿ. ಗೋಡೆ, ನೆಲ ಎರಡೂ ಒಣಗಿದ್ದೂ ಕೆಳಗೆ ತೊಟ್ಟಿಕ್ಕಿದರೆ ಅದು ಬಿಸಿನೀರು-ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯಿಂದ ಶವರ್‌ಗೆ ಹೋಗುವ ಪೈಪಿನದ್ದೇ ತೊಂದರೆ. ಇನ್ನೊಂದು ದಿನ ಒಂದು ಬಕೆಟ್ ನೀರನ್ನು ನೆಲ ನೆನೆಸದೆ ನೇರವಾಗಿ ಜಾಲಿಯೊಳಕ್ಕೆ ಸುರಿಯಿರಿ. ಆಗ ಸೋರಿದರೆ ಜಾಲಿಯ ಕೆಳಗಿನ ಜಾಯಿಂಟ್. ಅದೂ ಅಲ್ಲವಾದರೆ ಜಾಲಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ನೆಲದಲ್ಲಿ ಒಂದಿಂಚು ನೀರು ನಿಲ್ಲಿಸಿ ಕೆಲವು ಗಂಟೆ ಕಾಯಿರಿ. ಆಗ ಸೋರಿದರೆ ಟೈಲ್ಸ್ ಸಂದು. ಕೆಳಗಿನವರಿಗೆ ಮೊದಲೇ ಹೇಳಿ ಮಾಡಿ, ಇಲ್ಲದಿದ್ದರೆ ಜಗಳ ಗ್ಯಾರಂಟಿ! ಯಾವ ನಲ್ಲಿಯನ್ನೂ ಮುಟ್ಟದೆ ರಾತ್ರಿಯಿಡೀ ಒಂದೇ ಸಮ ತೊಟ್ಟಿಕ್ಕುತ್ತಿದ್ದರೆ ಮಾತ್ರ ಈ ಪರೀಕ್ಷೆಗಳೆಲ್ಲ ಬೇಡ. ಬಾತ್‌ರೂಮಿನ ವಾಲ್ವ್ ಬಂದ್ ಮಾಡಿ, ಪ್ಲಂಬರ್ ಕರೆಸಿ.

ಶವರ್ ಪೈಪು ಗೋಡೆ ಸೇರುವ ಜಾಗದಲ್ಲಷ್ಟೇ ಸೋರಿಕೆ ಇದ್ದರೆ ಸುಲಭ. ಅದನ್ನು ಬಿಚ್ಚಿ, ಹಳೇ ಟೇಪು ಕಿತ್ತು, ಥ್ರೆಡ್ ನಿಮ್ಮ ಕಡೆ ತಿರುಗಿರುವಂತೆ ಹಿಡಿದು ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ ಟೆಫ್ಲಾನ್ ಟೇಪ್ ಬಿಗಿಯಾಗಿ ಸುತ್ತಿ. ಉಲ್ಟಾ ಸುತ್ತಿದರೆ ತಿರುಗಿಸುವಾಗ ಟೇಪು ಬಿಚ್ಚಿಕೊಳ್ಳುತ್ತದೆ. ಜಾಲಿಯ ಜಾಯಿಂಟ್ ಕೆಳಗಿನ ಮನೆಯ ಫಾಲ್ಸ್ ಸೀಲಿಂಗ್ ಒಳಗೆ ಕೈಗೆ ಸಿಗುವಂತಿದ್ದರೆ ಒರೆಸಿ ಒಣಗಿಸಿ ಎಂ-ಸೀಲ್ (ಕಲಸಿ ಮೆತ್ತಿದರೆ ಗಟ್ಟಿಯಾಗುವ ಅಂಟು) ಕಲಸಿ ಮೆತ್ತಬಹುದು. ಅದು ಗಟ್ಟಿಯಾಗುವ ತನಕ ಮೇಲಿಂದ ಒಂದು ಚೊಂಬು ನೀರೂ ಬಿಡಬಾರದು.

ಹೆಚ್ಚಾಗಿ ಸಿಕ್ಕಿಬೀಳುವುದು ಟೈಲ್ಸ್ ಸಂದು, ಅದರಲ್ಲೂ ಗೋಡೆ ಮತ್ತು ನೆಲ ಸೇರುವ ಮೂಲೆ. ಅಲ್ಲಿ ವೈಟ್ ಸಿಮೆಂಟ್ ತುಂಬಿಸಿದರೆ ಬೇಗ ಬಿರುಕು ಬಿಡುತ್ತದೆ. ಬಾತ್‌ರೂಮಿಗೆಂದೇ ಬರುವ, ಬೂಷ್ಟು ಹಿಡಿಯದ ಸಿಲಿಕಾನ್ ಸೀಲೆಂಟ್ ತನ್ನಿ. ಹಳೇ ಸಿಲಿಕಾನ್ ಇದ್ದರೆ ಬ್ಲೇಡಿನಿಂದ ಪೂರ್ತಿ ಕೀಳಿ, ಅದರ ಮೇಲೆ ಹೊಸದು ಹಿಡಿಯುವುದಿಲ್ಲ. ಸೋಪಿನ ಜಿಡ್ಡು ಉಜ್ಜಿ ತೆಗೆಯಿರಿ. ನಿಜವಾದ ಕೆಲಸ ಒಣಗಿಸುವುದು. ಒಂದು ದಿನ ಪೂರ್ತಿ ಆ ಬಾತ್‌ರೂಮ್ ಬಳಸದೆ ಫ್ಯಾನ್ ಇಡಿ (ಮಳೆಗಾಲವಾದರೆ ಎರಡು ದಿನ). ಒದ್ದೆ ಸಂದಿಗೆ ಹಚ್ಚಿದ ಸಿಲಿಕಾನ್ ವಾರದೊಳಗೆ ರಬ್ಬರಿನ ಹಾಗೆ ಎದ್ದು ಬರುತ್ತದೆ. ಸಂದಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಒಂದೇ ಎಳೆಯಾಗಿ ಹಚ್ಚಿ, ಸೋಪಿನ ನೀರಲ್ಲಿ ಅದ್ದಿದ ಬೆರಳಿನಿಂದ ಒತ್ತುತ್ತಾ ಸವರಿ, ಒಣಗುವ ಮುಂಚೆ ಟೇಪು ಕಿತ್ತುಬಿಡಿ. ಮುಟ್ಟಿದರೆ ಅರ್ಧ ಗಂಟೆಯಲ್ಲೇ ಒಣಗಿದಂತೆ ಅನಿಸುತ್ತದೆ, ಆದರೆ 24 ಗಂಟೆ ನೀರು ತಾಕಿಸಬೇಡಿ. ಬಾತ್‌ಟಬ್ ಇದ್ದರೆ ಅದರಲ್ಲಿ ನೀರು ತುಂಬಿಟ್ಟು ಅಂಚಿಗೆ ಹಚ್ಚಿ, ಒಣಗಿದ ಮೇಲೆ ಖಾಲಿ ಮಾಡಿ. ಖಾಲಿ ಟಬ್ಬಿಗೆ ಹಚ್ಚಿದರೆ ಆಮೇಲೆ ತೂಕ ಬಿದ್ದಾಗ ಟಬ್ ಕೆಳಗೆ ಜಗ್ಗಿ ಸಿಲಿಕಾನ್ ಕಿತ್ತುಕೊಳ್ಳುತ್ತದೆ.

ಕೆಳಗಿನ ಚಾವಣಿಗೆ ವಾಟರ್‌ಪ್ರೂಫ್ ಪೇಂಟ್ ಬಳಿಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನೀರು ಮೇಲಿಂದ ಬರುತ್ತಲೇ ಇರುತ್ತದೆ, ಹೊರಗೆ ಬರಲಾಗದೆ ಒಳಗೇ ನಿಂತು ಕಂಬಿಗೆ ತುಕ್ಕು ಹಿಡಿಸುತ್ತದೆ.

ಇನ್ನೊಂದು ವಿಷಯ. ಹಲವು ಅಪಾರ್ಟ್‌ಮೆಂಟುಗಳಲ್ಲಿ ಬಾತ್‌ರೂಮಿನ ನೆಲವನ್ನು ತಗ್ಗಿಸಿ ಕಟ್ಟಿ ಇಟ್ಟಿಗೆ ಚೂರು ತುಂಬಿಸಿರುತ್ತಾರೆ. ಅದರಲ್ಲಿ ಆಗಲೇ ನಿಂತಿರುವ ನೀರು ನಿಧಾನವಾಗಿ ಇಳಿಯುತ್ತಿರುತ್ತದೆ. ಹಾಗಾಗಿ ಎಲ್ಲ ಸರಿಯಾಗಿ ಮುಚ್ಚಿದ ಮೇಲೂ ಕೆಲವು ದಿನ ತೊಟ್ಟಿಕ್ಕಬಹುದು. ಕೆಳಗಿನವರಿಗೆ ಒದ್ದೆ ಕಲೆಯ ಸುತ್ತ ಪೆನ್ಸಿಲ್ ಗೆರೆ ಎಳೆಯಲು ಹೇಳಿ. ಕಲೆ ಗೆರೆ ದಾಟಿ ಹರಡುತ್ತಿದ್ದರೆ ಓನರಿಗೆ ಫೋಟೋ ಕಳಿಸಿ, ಮುಂದಿನ ತಿಂಗಳ ತನಕ ಕಾಯಲು ಆಗುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿ.