ಲೋಡಿಂಗ್‌ಗೆ ರೋಬೋ ಬಂದರೆ ಆಪರೇಟರ್ ಏನು ಮಾಡಬೇಕು?

ಪ್ರಶ್ನೆ: ಪೀಣ್ಯದಲ್ಲಿ ಆರು ವರ್ಷದಿಂದ ಸಿಎನ್‌ಸಿ ಲೇತ್ (ಕಂಪ್ಯೂಟರ್ ನಿಯಂತ್ರಿತ ಕಡೆಯುವ ಯಂತ್ರ) ಆಪರೇಟರ್ ಆಗಿದ್ದೇನೆ. ಜಾಬ್ (ಕಡೆಯಬೇಕಾದ ಲೋಹದ ತುಂಡು) ಹಾಕುವುದು, ಸ್ಟಾರ್ಟ್ ಒತ್ತುವುದು, ತೆಗೆದು ಅಳೆಯುವುದು ನನ್ನ ಕೆಲಸ. ಈಗ ಲೋಡಿಂಗ್‌ಗೆ ರೋಬೋ ತರುತ್ತಾರಂತೆ. ಏನು ಕಲಿತರೆ ಉಳಿದೇನು?

ಉತ್ತರ: ಹಾಕಿ ತೆಗೆಯುವ ಕೆಲಸ ಹೋಗುತ್ತದೆ, ಮಷೀನ್ ಹೊಂದಿಸುವ ಸೆಟ್ಟಿಂಗ್ ಕೆಲಸ ಉಳಿಯುತ್ತದೆ. ಒಂದೇ ಜಾಬ್ ವಾರಗಟ್ಟಲೆ ಓಡುವ ಕಡೆ ರೋಬೋಗೆ ಹಾಕಿದ ದುಡ್ಡು ಬೇಗ ಹುಟ್ಟುತ್ತದೆ. ದಿನಕ್ಕೆರಡು ಸಲ ಜಾಬ್ ಬದಲಾಗುವ ಕಡೆ ಚಕ್ ಜಾ (ಮಷೀನಿನಲ್ಲಿ ಜಾಬ್ ಹಿಡಿಯುವ ದವಡೆ), ಗ್ರಿಪ್ಪರ್ (ರೋಬೋದ ಹಿಡಿಕೈ), ಪ್ರೋಗ್ರಾಂ ಬದಲಿಸುವುದರಲ್ಲೇ ಶಿಫ್ಟ್ ಕಳೆದು, ಅದು ಮೂಲೆ ಸೇರುವುದೂ ಉಂಟು.

ಮೊದಲು ಆಫ್‌ಸೆಟ್, ಅಂದರೆ ಟೂಲ್‌ನ ಸ್ಥಾನಕ್ಕೆ ಕೊಡುವ ತಿದ್ದುಪಡಿ ಕಲಿಯಿರಿ. ಇನ್‌ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಸವೆದಂತೆ ಜಾಬಿನ ಹೊರವ್ಯಾಸ ಹೆಚ್ಚುತ್ತದೆ. 0.03 ಮಿ.ಮೀ. ಹೆಚ್ಚು ಬಂದರೆ ಕಂಟ್ರೋಲ್ ಪರದೆಯಲ್ಲಿ ವೇರ್ (ಸವೆತ) ಪುಟದ ಎಕ್ಸ್‌ಗೆ -0.03 ಕೊಡಿ, ಎಕ್ಸ್ ಸಾಮಾನ್ಯವಾಗಿ ವ್ಯಾಸದ ಲೆಕ್ಕದಲ್ಲೇ ಇರುತ್ತದೆ, ಅರ್ಧ ಮಾಡಬೇಡಿ. ಫ್ಯಾನುಕ್ ಕಂಪನಿಯ ಕಂಟ್ರೋಲ್‌ನಲ್ಲಿ ‘+ಇನ್‌ಪುಟ್’ ಒತ್ತಿದರೆ ಹಳೆಯ ಅಂಕಿಗೆ ಕೂಡುತ್ತದೆ, ಬರೀ ‘ಇನ್‌ಪುಟ್’ ಒತ್ತಿದರೆ ಹಳೆಯದು ಅಳಿದುಹೋಗುತ್ತದೆ. ಅಲ್ಲಿ -0.12 ಇತ್ತೆನ್ನಿ. ಬೇಕಾದ್ದು -0.15; ತಪ್ಪು ಕೀ ಒತ್ತಿ -0.03 ಕೂತರೆ ಮುಂದಿನ ಜಾಬ್ 0.12 ಮಿ.ಮೀ. ದಪ್ಪ. ರಾತ್ರಿ ಪಾಳಿಯ ರಿಜೆಕ್ಟ್‌ಗಳಲ್ಲಿ ಇದು ಹಳೇ ಗಿರಾಕಿ.

ಆಮೇಲೆ ಚಿಪ್, ಅಂದರೆ ಕಡೆದಾಗ ಬರುವ ಲೋಹದ ಸಿಪ್ಪೆ. ಮೈಲ್ಡ್ ಸ್ಟೀಲ್ ಉದ್ದುದ್ದ ಸುರುಳಿ ಬಿಡುತ್ತದೆ. ನೀವಾದರೆ ಮಷೀನ್ ನಿಲ್ಲಿಸಿ ಕೊಕ್ಕೆಯಲ್ಲಿ ಎಳೆದು ಹಾಕುತ್ತೀರಿ, ರೋಬೋ ಅದರ ಮೇಲೆಯೇ ಜಾಬ್ ತುರುಕುತ್ತದೆ. ಜಾ ಸಂದಿಯಲ್ಲಿ ಒಂದು ಚೂರು ಸಿಕ್ಕಿದರೂ ಜಾಬ್ ಓರೆಯಾಗಿ ಕೂತು ರನ್‌ಔಟ್ (ತಿರುಗುವಾಗ ಓಲಾಟ) ಬರುತ್ತದೆ, ಯಾರೂ ನೋಡದಿದ್ದರೆ ಟ್ರೇ ಪೂರ್ತಿ ಗುಜರಿಗೆ. ರಫಿಂಗ್‌ನಲ್ಲಿ (ಮೊದಲ ಒರಟು ಕಡೆತ) ಫೀಡ್, ಅಂದರೆ ಜಾಬ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಸರಿಯುವ ದೂರ, 0.15 ಮಿ.ಮೀ. ಇದ್ದರೆ 0.25ರತ್ತ ಏರಿಸಿ ನೋಡಿ, ಚಿಪ್ ತುಂಡಾಗುತ್ತದೆ. ಫಿನಿಶಿಂಗ್‌ನಲ್ಲಿ (ಕೊನೆಯ ನಯ ಕಡೆತ) ಹೀಗೆ ಮಾಡಿದರೆ ಮೇಲ್ಮೈ ಒರಟಾದೀತು. ಅಲ್ಲಿ ಚಿಪ್ ಬ್ರೇಕರ್ (ಚಿಪ್ ಮುರಿಯುವ ತೋಡು) ಬೇರೆಯದಿರುವ ಇನ್‌ಸರ್ಟ್ ಹಾಕಬೇಕು. ಪ್ರತಿ ಲೋಡಿಂಗ್‌ಗೆ ಮುನ್ನ ಜಾ ಮೇಲೆ ಗಾಳಿ ಹಾಯಿಸುವ ವ್ಯವಸ್ಥೆ ಮಾಡಿಸಿ.

ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಅಲ್ಪಾವಧಿ ಸಿಎನ್‌ಸಿ ಕೋರ್ಸ್‌ಗಳಿವೆ. ಎಲ್ಲೇ ಸೇರಿ, ಮಷೀನ್ ಮೇಲೆ ಸೆಟ್ಟಿಂಗ್ ಮಾಡಲು ಬಿಡುತ್ತಾರೋ ಬರೀ ಕಂಪ್ಯೂಟರ್ ಮುಂದೆ ಕೂರಿಸುತ್ತಾರೋ ಎಂದು ಮೊದಲೇ ಕೇಳಿ.

ಪ್ರಶ್ನೆ: ‘ರೋಬೋ ಬಂತು, ರಾಜೀನಾಮೆ ಬರೆದುಕೊಡಿ’ ಎಂದು ಕಂಪನಿಯವರು ಎನ್ನುತ್ತಿದ್ದಾರೆ. ಕೊಡಲೇ?

ಉತ್ತರ: ಬೇಡ. ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದ ಕಾರ್ಮಿಕರನ್ನು ಹೆಚ್ಚುವರಿ ಎಂದು ತೆಗೆಯುವುದಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ಆರು ವರ್ಷಕ್ಕೆ 90 ದಿನದ್ದಾಯಿತು, ಗ್ರಾಚ್ಯುಟಿ ಬೇರೆ. ನೀವಾಗಿ ರಾಜೀನಾಮೆ ಕೊಟ್ಟರೆ ಆ 90 ದಿನದ ಹಣ ಕೇಳುವಂತಿಲ್ಲ. ಸಂಬಳದ ಚೀಟಿ, ಇಎಸ್‌ಐ ಕಾರ್ಡ್, ಪಿಎಫ್ ಪಾಸ್‌ಬುಕ್ ಪ್ರತಿಗಳನ್ನು ಈಗಲೇ ತೆಗೆದಿಟ್ಟುಕೊಂಡು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ.