ತೊಗರಿ ದರದ ಸರಾಸರಿ ತಾಳೆ ಆಗ್ತಿಲ್ಲ: ಪ್ರತಿಕ್ರಿಯೆ

ಕಲಬುರಗಿ ಎಪಿಎಂಸಿಯ (ಕೃಷಿ ಮಾರುಕಟ್ಟೆಯ) ತಿಂಗಳ ತೊಗರಿ ದರದ ಸರಾಸರಿ ವಹಿವಾಟಿನ ಲೆಕ್ಕಕ್ಕಿಂತ ಯಾಕೆ ಹೆಚ್ಚು ಬರ್ತದ ಅಂತ ಕೇಳೀರಿ. ಅದು ಬಹುಶಃ ದಿನದ ದರಗಳನ್ನಷ್ಟೇ ಕೂಡಿಸಿ ದಿನಗಳಿಂದ ಭಾಗಿಸಿದ್ದಕ್ಕೆ. ಆವಕ (ಮಾರುಕಟ್ಟೆಗೆ ಬರೋ ಮಾಲು) ದಿನಾ ಒಂದೇ ಇರಂಗಿಲ್ಲ. ಮೊದಲು ಆಯಾ ದಿನದ ಮಾಡಲ್ ದರವನ್ನು (ಹೆಚ್ಚು ಮಾಲು ಹೋದ ದರ) ಆವಕದ ಕ್ವಿಂಟಲ್‌ನಿಂದ ಗುಣಿಸ್ರಿ, ಎಲ್ಲ ಕೂಡಿಸಿ ಒಟ್ಟು ಕ್ವಿಂಟಲ್‌ನಿಂದ ಭಾಗಿಸ್ರಿ. ಒಂದು ದಿನ 100 ಕ್ವಿಂಟಲ್ 8000 ರೂ.ಗೆ, ಮರುದಿನ 900 ಕ್ವಿಂಟಲ್ 7000ಕ್ಕೆ ಹೋಯ್ತು ಅನ್ಕೊಳ್ರಿ: ಸರಾಸರಿ 7500 ಅಲ್ಲ, 7100.

ಕನಿಷ್ಠ-ಗರಿಷ್ಠದ ನಡುವಿನ ಅಂಕಿ ಮಾತ್ರ ಹಿಡೀಬ್ಯಾಡ್ರಿ. ಒಂದೇ ಒಂದು ಹಸಿ ಲಾಟ್ ಬಂದ್ರೂ ಕನಿಷ್ಠ ದರ ಕುಸೀತದ. ರಜಾ ದಿನಕ್ಕೆ ಸೊನ್ನೆ ತುಂಬಿದ್ರೆ ಅಳಿಸ್ರಿ, ಇಲ್ಲಾಂದ್ರೆ ಮುಂದೆ ಮಧ್ಯಾಂಕ (ದರಗಳನ್ನು ಏರಿಕೆ ಕ್ರಮದಾಗ ಇಟ್ಟಾಗ ನಡುವಿನದು), ಮಾನಕ ವಿಚಲನೆ (ದರಗಳು ಸರಾಸರಿಯಿಂದ ಎಷ್ಟು ಚದುರ್ಯಾವ ಅನ್ನೋ ಅಳತೆ) ಎರಡೂ ಕೆಡ್ತಾವ. ಇಷ್ಟಾದ ಮೇಲೂ ಚೂರು ವ್ಯತ್ಯಾಸ ಉಳೀಬಹುದು: ಮಾಡಲ್ ದರ ಆ ದಿನದ ಸರಾಸರಿ ಅಲ್ಲ.